ತುಟಿಗೆ ಬೀಳುವ ಹೊಲಿಗೆ

“ಒಂದ್ಸಲ ಮಾಡಿಸಿಬಿಟ್ರೆ ಪರ್ಮನೆಂಟಾ?”

ತುಟಿಯ ಆಪರೇಷನ್ ಮಾತು ಬಂದಾಗ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ಹುಡುಗಿಯರು ಮೊದಲು ಕೇಳುವುದು ಇದನ್ನೇ. ಕೇಳುವವರಲ್ಲಿ ಎರಡು ಬಗೆ. ಒಬ್ಬಳಿಗೆ ಬೆಂಗಳೂರಿನಲ್ಲಿ ಕೆಲಸ, ಮದುವೆ ಗೊತ್ತಾಗುವ ಹಂತದಲ್ಲಿದೆ. ಮೇಲ್ತುಟಿ ತೀರಾ ತೆಳು ಎಂಬ ಕೊರಗು ಫೋಟೊ ನೋಡಿದಾಗಲೆಲ್ಲ ಹೆಚ್ಚುತ್ತದೆ. ವರ್ಷ ವರ್ಷ ಫಿಲ್ಲರ್ ಚುಚ್ಚಿಸಿಕೊಳ್ಳುವುದಕ್ಕಿಂತ ಒಂದೇ ಸಲ ಶಸ್ತ್ರಚಿಕಿತ್ಸೆ ಮಾಡಿಸಿ ಮುಗಿಸೋಣ ಎಂಬ ಲೆಕ್ಕ ಅವಳದು. ಇನ್ನೊಬ್ಬಳು ಹುಟ್ಟುವಾಗಲೇ ಸೀಳುತುಟಿ ಇದ್ದವಳು. ಕೂಸಾಗಿದ್ದಾಗ ಅಪ್ಪ ಅಮ್ಮ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ಹೊಲಿಸಿಕೊಂಡು ಬಂದಿದ್ದರು. ಈಗ ಇಪ್ಪತ್ತು ದಾಟಿದೆ. ತುಟಿ ಕೂಡಿದೆ. ಆದರೆ ಹೊಲಿಗೆ ಬಿದ್ದ ಕಡೆ ಮೇಲಕ್ಕೆ ಎಳೆದುಕೊಂಡಿದೆ, ಕೆಂಪು ಭಾಗ ಒಂದು ಬದಿಯಲ್ಲಿ ಸೊರಗಿದೆ. ಕೇಳುವಾಗ ಅವಳ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ.

ಮೊದಲನೆಯವಳಿಗೆ ಹೇಳುವವರು ಬೇಕಾದಷ್ಟಿದ್ದಾರೆ. ಮೊಬೈಲ್ ತೆರೆದರೆ ಸಾಕು, ಜಾಹೀರಾತು. ಎರಡನೆಯವಳಿಗೆ ‘ನಿನಗೂ ಇನ್ನೊಂದು ಚಿಕಿತ್ಸೆ ಇದೆ, ವಯಸ್ಸೇನೂ ಮೀರಿಲ್ಲ’ ಎಂದು ಹೇಳುವವರು ಸಿಗುವುದು ಕಷ್ಟ. ಈ ಬರಹ ಇಬ್ಬರಿಗೂ ಸೇರಿದ್ದು. ಇಬ್ಬರ ತುಟಿಯ ಮೇಲೂ ನಡೆಯುವುದು ಒಂದೇ ಕಸುಬು. ತುಟಿಯಲ್ಲಿ ಕಾಯಂ ಆಗಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಸರ್ಜನ್ನರು ಬಹುಪಾಲು ಕಲಿತದ್ದು ಎರಡನೆಯವಳಂಥ ಮಕ್ಕಳಿಂದ. ಹಾಗಾಗಿ ಮೊದಲನೆಯವಳು ತೀರ್ಮಾನ ಮಾಡುವ ಮುಂಚೆ ಎರಡನೆಯವಳ ಕಥೆಯನ್ನೂ ತಿಳಿದುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ತುಟಿಯ ಕೆಂಪು ಭಾಗ ಪೂರ್ತಿ ಚರ್ಮವೂ ಅಲ್ಲ, ಬಾಯೊಳಗಿನ ಪೊರೆಯೂ ಅಲ್ಲ. ಅಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಯಿಲ್ಲ. ಹೊರಪದರ ಬಹಳ ತೆಳುವಾದ್ದರಿಂದ ಒಳಗೆ ಹರಿಯುವ ರಕ್ತದ ಬಣ್ಣವೇ ಹೊರಗೆ ಕಾಣುತ್ತದೆ. ಮಾಗಿಯ ಒಣಗಾಳಿಗೆ ಮೊದಲು ಒಡೆಯುವುದೂ ಅದಕ್ಕೇ. ಅದರಡಿ ಬಾಯಿಯನ್ನು ಸುತ್ತುವರಿದ ಒಂದು ಸ್ನಾಯು ಇದೆ. ಕೂಸು ಹಾಲು ಹೀರುವುದು, ನಾವು ಬಿಸಿ ಕಾಫಿ ಊದಿ ಆರಿಸುವುದು, ಪ ಬ ಮ ಅಕ್ಷರಗಳನ್ನು ಉಚ್ಚರಿಸುವುದು ಎಲ್ಲವೂ ಅದರ ಕೆಲಸ. ಇನ್ನು ಕೆಂಪು ಭಾಗ ಮತ್ತು ಚರ್ಮ ಕೂಡುವ ಕಡೆ ಸಣ್ಣಗೆ ಉಬ್ಬಿದ, ತುಸು ಬೆಳ್ಳಗಿನ ಒಂದು ಗೆರೆ ಇರುತ್ತದೆ. ಕನ್ನಡಿಯಲ್ಲಿ ಹತ್ತಿರದಿಂದ ನೋಡಿದರೆ ಕಾಣುತ್ತದೆ. ಹೊಲಿಯುವಾಗ ಆ ಗೆರೆ ಒಂದು ಮಿಲಿಮೀಟರ್ ತಪ್ಪಿದರೂ ಎದುರು ಕೂತು ಮಾತಾಡುವವರ ಕಣ್ಣಿಗೆ ಬೀಳುತ್ತದೆ. ಅದಕ್ಕೆಂದೇ ನುರಿತ ಸರ್ಜನ್ ಅರಿವಳಿಕೆಯ ಸೂಜಿ ಚುಚ್ಚುವ ಮೊದಲೇ ಅದರ ಮೇಲೆ ಶಾಯಿಯ ಗುರುತು ಹಾಕಿಕೊಳ್ಳುತ್ತಾರೆ. ಮದ್ದು ತುಂಬಿ ತುಟಿ ಊದಿಕೊಂಡ ಮೇಲೆ ಗೆರೆ ಕೈಗೆ ಸಿಗುವುದಿಲ್ಲ.

ಈಗ ಆಯ್ಕೆಗಳಿಗೆ ಬರೋಣ. ಫಿಲ್ಲರ್ ಎನ್ನುವುದು ಶಸ್ತ್ರಚಿಕಿತ್ಸೆ ಅಲ್ಲ, ಕಾಯಮ್ಮೂ ಅಲ್ಲ. ಹೈಲುರಾನಿಕ್ ಆಮ್ಲದ ಜೆಲ್ಲನ್ನು ಸೂಜಿಯಿಂದ ತುಂಬುತ್ತಾರೆ. ಸುಮಾರು ಆರು ತಿಂಗಳಿಂದ ಒಂದು ವರ್ಷದಲ್ಲಿ ಅದು ಕರಗುತ್ತದೆ. ಇದನ್ನೇ ಎಲ್ಲರೂ ಅದರ ದೋಷ ಎನ್ನುತ್ತಾರೆ. ನನಗೆ ಅದೇ ಅದರ ಗುಣವಾಗಿ ಕಾಣುತ್ತದೆ. ರೂಪ ಹಿಡಿಸದಿದ್ದರೆ, ಅಥವಾ ಜೆಲ್ ರಕ್ತನಾಳಕ್ಕೆ ಹೋಗಿ ತುಟಿ ಬಿಳುಚಿಕೊಂಡರೆ, ಹೈಲುರಾನಿಡೇಸ್ ಎಂಬ ಇಂಜೆಕ್ಷನ್ ಕೊಟ್ಟು ಕರಗಿಸುವ ದಾರಿಯಾದರೂ ಇದೆ. ತುಟಿಯ ಅಪಧಮನಿ ಒಳಪೊರೆಯ ಹತ್ತಿರವೇ ಓಡುವುದರಿಂದ ಈ ಅಪಾಯ ಬರೀ ಪುಸ್ತಕದ್ದಲ್ಲ. ಆ ಮದ್ದು ಕಪಾಟಿನಲ್ಲಿ ಇಟ್ಟುಕೊಳ್ಳದ ಕಡೆ ಫಿಲ್ಲರ್ ಚುಚ್ಚಿಸಿಕೊಳ್ಳಲೇಬಾರದು.

ಹೊಟ್ಟೆಯಿಂದಲೋ ತೊಡೆಯಿಂದಲೋ ಸ್ವಲ್ಪ ಕೊಬ್ಬು ತೆಗೆದು, ಸೋಸಿ, ತುಟಿಗೆ ತುಂಬುವುದು ಕೊಬ್ಬಿನ ಕಸಿ. ನಮ್ಮದೇ ಮೈಯ ವಸ್ತುವಾದ್ದರಿಂದ ದೇಹ ಅದನ್ನು ಹೊರಗಿನದೆಂದು ತಳ್ಳುವುದಿಲ್ಲ. ಆದರೆ ತೋಟದಲ್ಲಿ ಸಸಿ ನೆಟ್ಟವರಿಗೆ ಗೊತ್ತು, ನೆಟ್ಟದ್ದೆಲ್ಲ ಬೇರು ಹಿಡಿಯುವುದಿಲ್ಲ. ಹೊಸ ಜಾಗದಲ್ಲಿ ರಕ್ತ ಸಿಕ್ಕ ಕೊಬ್ಬು ಉಳಿಯುತ್ತದೆ, ಸಿಗದ್ದು ಕೆಲವು ತಿಂಗಳಲ್ಲಿ ಇಂಗಿಹೋಗುತ್ತದೆ. ಸದಾ ಅಲುಗಾಡುವ ತುಟಿಯಲ್ಲಿ ಎಷ್ಟು ನಿಲ್ಲುತ್ತದೆಂದು ಮುಂಚಿತವಾಗಿ ಯಾರೂ ಖಚಿತವಾಗಿ ಹೇಳಲಾರರು. ಎರಡನೇ ಸಲ ತುಂಬಿಸಬೇಕಾಗಬಹುದು. ‘ನೂರಕ್ಕೆ ನೂರು ನಿಲ್ಲುತ್ತೆ’ ಎಂದು ಭರವಸೆ ಕೊಡುವವರಿದ್ದರೆ ಎದ್ದು ಬನ್ನಿ.

ಚರ್ಮದ ಒಳಪದರವನ್ನು ಕೊಬ್ಬಿನ ಸಮೇತ ತೆಗೆದು ತುಟಿಯೊಳಗೆ ಕೂರಿಸುವ ವಿಧಾನವೂ ಇದೆ. ಇನ್ನೊಂದು, ಬಾಯೊಳಗಿನ ಪೊರೆಯನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಕತ್ತರಿಸಿ, ಮುಂದಕ್ಕೆ ಸರಿಸಿ, ವೈ ಆಕಾರದಲ್ಲಿ ಹೊಲಿಯುವುದು. ಒಳಗಿದ್ದ ಕೆಂಪು ಹೊರಗೆ ಬಂದು ತುಟಿ ತುಂಬಿದಂತೆ ಕಾಣುತ್ತದೆ, ಗಾಯದ ಗುರುತೆಲ್ಲ ಬಾಯೊಳಗೇ ಉಳಿಯುತ್ತದೆ. ಕಾಯಂ ವಿಧಾನಗಳಲ್ಲಿ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುವುದು ಇದು. ಆದರೆ ವಾರಗಟ್ಟಲೆ ಬಾವು, ಕೆಲವು ತಿಂಗಳು ಜೋಮು, ಬಿರುಸುತನ ಇದ್ದೇ ಇರುತ್ತದೆ.

ಸದ್ಯ ಎಲ್ಲರ ಬಾಯಲ್ಲಿರುವುದು ಲಿಪ್ ಲಿಫ್ಟ್. 1971ರಲ್ಲಿ ಕಾರ್ಡೋಸೊ ಮತ್ತು ಸ್ಪೆರ್ಲಿ ಎಂಬ ಸರ್ಜನ್ನರು ಇದನ್ನು ಬರೆದಿಟ್ಟರು. ಮೂಗಿನ ಬುಡದಲ್ಲೇ ಎತ್ತಿನ ಕೊಂಬಿನ ಆಕಾರದ ಒಂದು ಪಟ್ಟಿ ಚರ್ಮ ಕತ್ತರಿಸಿ ತೆಗೆದು ಮೇಲಕ್ಕೆಳೆದು ಹೊಲಿಯುತ್ತಾರೆ. ಮೂಗಿಗೂ ತುಟಿಗೂ ನಡುವಿನ ಅಂತರ ಕಡಿಮೆಯಾಗಿ ಕೆಂಪು ಭಾಗ ಹೆಚ್ಚು ಕಾಣುತ್ತದೆ. ವಯಸ್ಸಾದಂತೆ ಆ ಅಂತರ ಉದ್ದವಾಗಿ, ಕೆಂಪು ಒಳಮಡಚಿಕೊಂಡು, ಹಲ್ಲು ಮರೆಯಾಗುವುದರಿಂದ ಐವತ್ತು ದಾಟಿದವರಿಗೆ ಇದರಿಂದ ನಿಜವಾದ ಉಪಯೋಗ ಉಂಟು. ಇಪ್ಪತ್ಮೂರರ ಹುಡುಗಿಗೆ? ನಗುವಾಗ ಒಸಡು ಕಾಣುವವಳಾದರೆ ಇನ್ನೂ ಹೆಚ್ಚು ಕಾಣುತ್ತದೆ. ತೆಗೆದ ಚರ್ಮವನ್ನು ಮತ್ತೆ ತರಲು ಬರುವುದಿಲ್ಲ. ನಮ್ಮಂಥ ಕಂದುಚರ್ಮದವರಲ್ಲಿ ಗಾಯದ ಗುರುತು ದಪ್ಪಗಾಗುವ, ಕಪ್ಪಾಗುವ ಸಂಭವ ಬಿಳಿಚರ್ಮದವರಿಗಿಂತ ಹೆಚ್ಚು, ಮತ್ತು ಈ ಗುರುತು ಮುಖದ ನಟ್ಟನಡುವೆ ಕೂರುತ್ತದೆ. ಕಿವಿ ಚುಚ್ಚಿಸಿದಾಗ, ಲಸಿಕೆ ಹಾಕಿಸಿದಾಗ ಗಂಟು ಕಟ್ಟಿದ್ದರೆ, ಮನೆಯಲ್ಲಿ ಯಾರಿಗಾದರೂ ಅಂಥ ಗಂಟು (ಕೀಲಾಯ್ಡ್) ಇದ್ದರೆ, ಆ ಮಾತನ್ನು ಸರ್ಜನ್ ಕೇಳದಿದ್ದರೂ ನೀವೇ ಹೇಳಬೇಕು.

ಸಿಲಿಕೋನ್ ಇಂಪ್ಲಾಂಟ್ ಕೂಡ ಉಂಟು. ಬಾಯಿಯ ಎರಡೂ ಮೂಲೆಯಲ್ಲಿ ಸಣ್ಣ ಗಾಯ ಮಾಡಿ ಮೆತ್ತನೆಯ ಕೊಳವೆಯಂಥದ್ದನ್ನು ಒಳಗೆ ತೂರಿಸುತ್ತಾರೆ. ಬೇಡವಾದರೆ ತೆಗೆಯಬಹುದು. ಜಾರುವುದು, ಕೈಗೆ ಸಿಗುವುದು, ಸೋಂಕಾಗುವುದು ಇದರ ಕಷ್ಟಗಳು. ಇದಕ್ಕೂ ದ್ರವ ಸಿಲಿಕೋನ್ ಚುಚ್ಚುವುದಕ್ಕೂ ಅಜಗಜಾಂತರ. ಅಗ್ಗಕ್ಕೆ ‘ಪರ್ಮನೆಂಟ್ ಫಿಲ್ಲರ್’ ಎಂದು ಕೊಡುವುದರಲ್ಲಿ ಇಂಥದ್ದೇ ಇರಬಹುದು. ಅದು ಕರಗುವುದಿಲ್ಲ, ಹರಡುತ್ತದೆ, ಎಷ್ಟೋ ವರ್ಷದ ಮೇಲೆ ಗಂಟುಗಂಟಾಗುತ್ತದೆ. ಆಗ ತೆಗೆಯಬೇಕೆಂದರೆ ತುಟಿಯ ಮಾಂಸವನ್ನೂ ಸೇರಿಸಿ ಕೊಯ್ಯಬೇಕು. ಅದರ ಹತ್ತಿರಕ್ಕೂ ಹೋಗಬೇಡಿ.

ನಮ್ಮ ಕಡೆಗೆ ಬೇಕಾದ ಮಾತು ಇನ್ನೊಂದಿದೆ. ಕಳಸ, ಕೊಪ್ಪದ ಕಡೆ ಕಾಫಿಯ ಜೊತೆ ಅಡಿಕೆಯೂ ಜೀವನ. ಬೆಳೆಯುವವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು: ಅಡಿಕೆ ಅಗಿದು ಅಗಿದು ಕೆನ್ನೆ, ತುಟಿಯ ಒಳಪೊರೆ ನಾರುಗಟ್ಟಿದವರಲ್ಲಿ ಬಾಯಿ ಬಿಡುವುದೇ ಕಡಿಮೆಯಾಗುತ್ತದೆ. ಅಂಥ ಪೊರೆಯನ್ನು ಸರಿಸಿ ಹೊಲಿದು ತುಟಿ ತುಂಬಿಸಲಾಗದು. ಬೀಡಿ, ಸಿಗರೇಟಿನವರಿಗೂ ಗಾಯ ಮಾಯುವುದು ನಿಧಾನ.

ಮುಖ ಹೊಲಿಯುವ ವಿದ್ಯೆ ಪಶ್ಚಿಮದಿಂದ ಬಂದದ್ದು ಎಂದುಕೊಂಡವರು ಬಹಳ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನಾರನೇ ಅಧ್ಯಾಯದಲ್ಲಿ ಹರಿದ ಕಿವಿ, ಕತ್ತರಿಸಿದ ಮೂಗು ಜೋಡಿಸುವ ಕ್ರಮದ ಜೊತೆಗೆ ತುಟಿಯ ಮಾತೂ ಬರುತ್ತದೆ: ಮೂಗಿಗೆ ಮಾಡಿದ ಹಾಗೆಯೇ ತುಟಿಗೂ ಮಾಡು, ಉಸಿರಾಟಕ್ಕೆ ಇಡುವ ಕೊಳವೆ ಮಾತ್ರ ಬೇಡ ಎಂದು. ಈ ಕಸುಬು ಉಳಿದದ್ದಕ್ಕೆ ಕ್ರೂರವಾದ ಕಾರಣವೂ ಇತ್ತು. ಹದಿನೇಳನೇ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರು ಮತ್ತು ಮಧುರೆ ಸೇನೆಗಳು ಶತ್ರುಗಳ ಮೂಗನ್ನು ಮೇಲ್ತುಟಿಯ ಸಮೇತ ಕೊಯ್ದ ವಿಚಾರ ಜೆಸ್ವಿಟ್ ಪಾದ್ರಿಗಳ ಪತ್ರಗಳಲ್ಲಿದೆ. ಅದೇ ಶತಮಾನದಲ್ಲಿ ಭಾರತದಲ್ಲಿದ್ದ ಇಟಲಿಯ ನಿಕೊಲಾವ್ ಮನುಚ್ಚಿ, ಬಿಜಾಪುರದ ಶಸ್ತ್ರವೈದ್ಯರು ಹಣೆಯ ಚರ್ಮ ಇಳಿಸಿ ಮೂಗು ಕಟ್ಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ ಸುದ್ದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅಚ್ಚಾಗಿ, ಯುರೋಪಿನ ವೈದ್ಯರು ಕಣ್ಣರಳಿಸಿದರು. ಮುಖ ಕೆಟ್ಟವನಿಗೆ ಮತ್ತೆ ಜನರ ನಡುವೆ ಕೂರುವ ಧೈರ್ಯ ಕೊಡುವುದು ಈ ನೆಲದಲ್ಲಿ ಶತಮಾನಗಳಿಂದ ಗೌರವದ ವಿದ್ಯೆಯಾಗಿತ್ತು. ಅದನ್ನು ಶೋಕಿ ಎಂದು ಹೀಗಳೆಯುವವರನ್ನು ನಾನು ಒಪ್ಪುವುದಿಲ್ಲ.

ಈಗ ಎರಡನೆಯವಳ ಕಥೆ.

ಸೀಳುತುಟಿಯ ಕೂಸು ಹುಟ್ಟಿದರೆ ನಮ್ಮ ಊರುಗಳಲ್ಲಿ ಇಂದಿಗೂ ಮೊದಲು ಎಳೆತರುವುದು ಗ್ರಹಣವನ್ನು. ಬಸುರಿ ಗ್ರಹಣದ ಹೊತ್ತಿನಲ್ಲಿ ಕತ್ತಿ ಹಿಡಿದಳು, ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದಳು, ಅದಕ್ಕೇ ಹೀಗಾಯಿತು ಎಂದು. ಆ ತಾಯಿಯ ಮೇಲೆ ಹೊರಿಸುವ ಈ ಆರೋಪ ಎಷ್ಟು ಅನ್ಯಾಯದ್ದು ಎನ್ನಲು ಒಂದೇ ಸಂಗತಿ ಸಾಕು: ಗರ್ಭದಲ್ಲಿ ಮೇಲ್ತುಟಿಯ ಎರಡು ಬದಿ ಬಂದು ಕೂಡುವುದು ಏಳನೇ ವಾರದ ಒಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ವಂಶವಾಹಿ, ಫೋಲಿಕ್ ಆಮ್ಲದ ಕೊರತೆ, ಮೂರ್ಛೆರೋಗದ ಕೆಲವು ಮಾತ್ರೆ, ತಂಬಾಕು ಇವೆಲ್ಲ ಸೇರಿ ಹೀಗಾಗಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಏಳುನೂರರಿಂದ ಸಾವಿರ ಹೆರಿಗೆಗೆ ಒಂದರಂತೆ ಇಂಥ ಮಕ್ಕಳು ಹುಟ್ಟುತ್ತವೆ. ಸಾಹುಕಾರರ ಮನೆಯಲ್ಲೂ ಹುಟ್ಟುತ್ತವೆ, ತೋಟದ ಕೂಲಿಯವರ ಲೈನ್ ಮನೆಯಲ್ಲೂ ಹುಟ್ಟುತ್ತವೆ.

ಅಂಗುಳವೂ ಸೀಳಿದ್ದರೆ ಕೂಸಿಗೆ ಮೊಲೆ ಚೀಪಲು ಬಾರದು. ಬಾಯಲ್ಲಿ ಗಾಳಿ ನಿಲ್ಲುವುದಿಲ್ಲ, ಹಾಲು ಮೂಗಿನಲ್ಲಿ ಬರುತ್ತದೆ. ಹಳೆಯ ಅಜ್ಜಿಯರ ಒಳಲೆ ಇಲ್ಲಿ ಜೀವ ಉಳಿಸುತ್ತದೆ: ತಾಯಿಯ ಹಾಲು ಹಿಂಡಿ, ಕೂಸನ್ನು ತಲೆ ಎತ್ತರಿಸಿ ಹಿಡಿದು, ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ತೂಕ ಏರದೆ ಶಸ್ತ್ರಚಿಕಿತ್ಸೆ ಇಲ್ಲ. ಹತ್ತು ವಾರ, ಹತ್ತು ಪೌಂಡು, ಹತ್ತು ಗ್ರಾಂ ಹಿಮೋಗ್ಲೋಬಿನ್ ಎಂಬುದು ಸರ್ಜನ್ನರ ಹಳೆಯ ಲೆಕ್ಕ. ಹತ್ತು ಪೌಂಡೆಂದರೆ ಸುಮಾರು ನಾಲ್ಕೂವರೆ ಕಿಲೊ. ತುಟಿಯನ್ನು ಮೂರರಿಂದ ಆರು ತಿಂಗಳೊಳಗೆ ಹೊಲಿಯುತ್ತಾರೆ. ಇಂದು ಹೆಚ್ಚಿನವರು ಅನುಸರಿಸುವ ಕ್ರಮ 1950ರ ದಶಕದಲ್ಲಿ ಅಮೆರಿಕದ ರಾಲ್ಫ್ ಮಿಲಾರ್ಡ್ ರೂಪಿಸಿದ್ದು. ಒಂದು ಬದಿಯ ತುಟಿಯನ್ನು ಕೆಳಕ್ಕೆ ತಿರುಗಿಸಿ, ಇನ್ನೊಂದು ಬದಿಯದನ್ನು ಮುಂದಕ್ಕೆ ತಂದು, ಹೊಲಿಗೆಯ ಗೆರೆ ಮೂಗಿನ ಕೆಳಗಿನ ಸಹಜ ಏಣಿನ ಜಾಗದಲ್ಲೇ ಬೀಳುವಂತೆ ಮಾಡುವ ಜಾಣತನ ಅದು. ಚರ್ಮ ಕೂಡಿಸಿದರೆ ಸಾಲದು, ಒಳಗಿನ ಸ್ನಾಯುವನ್ನೂ ಹುಡುಕಿ ಜೋಡಿಸಬೇಕು. ಇಲ್ಲದಿದ್ದರೆ ಸುಮ್ಮನಿದ್ದಾಗ ಚೆಂದ ಕಂಡ ತುಟಿ ನಕ್ಕ ಕೂಡಲೇ ಸೊಟ್ಟಗಾಗುತ್ತದೆ.

ಕಾಫಿ ಸೀಮೆಯಿಂದ ಈ ಮಕ್ಕಳು ಹೋಗುವ ದಾರಿಗಳು ಕಡಿಮೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ ಮಂಗಳೂರು. ಕಳಸದವರಿಗೆ ಕುದುರೆಮುಖ, ಕಾರ್ಕಳದ ದಾರಿ. ದೇರಳಕಟ್ಟೆಯ ಜಸ್ಟಿಸ್ ಕೆ.ಎಸ್. ಹೆಗ್ಡೆ ಆಸ್ಪತ್ರೆಯಲ್ಲಿ ನಿಟ್ಟೆ ಮೀನಾಕ್ಷಿ ಕ್ರೇನಿಯೊಫೇಶಿಯಲ್ ಸರ್ಜರಿ ಸಂಸ್ಥೆ ಇದೇ ಕೆಲಸಕ್ಕೆ ನಿಂತಿದೆ. ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ಘಟಕ, ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆ ಇನ್ನೆರಡು. 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಸಂಸ್ಥೆ ಹೊರದೇಶದ ವೈದ್ಯರನ್ನು ಕರೆತರುವ ಬದಲು ಇಲ್ಲಿನ ವೈದ್ಯರಿಗೇ ನೆರವು ಕೊಟ್ಟು ಉಚಿತ ಶಸ್ತ್ರಚಿಕಿತ್ಸೆ ಮಾಡಿಸುವ ಕ್ರಮ ತಂದಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೆ, ಶಾಲೆಗೆ ಬರುವ ತಂಡಗಳು ಸೀಳುತುಟಿಯನ್ನೂ ಗುರುತಿಸಿ ಚಿಕಿತ್ಸೆಗೆ ಕಳಿಸುತ್ತವೆ. ಕುಯ್ಲಿನ ಹೊತ್ತಿನಲ್ಲಿ ಕೂಲಿ ಬಿಟ್ಟು ಕೂಸನ್ನು ಎತ್ತಿಕೊಂಡು ಘಟ್ಟ ಇಳಿಯುವ ತಾಯಿಗೆ ಚಿಕಿತ್ಸೆ ಉಚಿತವಾದರೂ ದಾರಿ, ದಿನಗೂಲಿ ಉಚಿತವಲ್ಲ. ಆ ವಾರದ ಕೂಲಿಯನ್ನು ತೋಟದವರು ಮುರಿಯದೆ ಕೊಟ್ಟರೆ ಅದಕ್ಕಿಂತ ದೊಡ್ಡ ನೆರವು ಬೇರೆ ಬೇಕಿಲ್ಲ.

ಕೊಂಡಿ ಕಳಚುವುದು ಆಮೇಲೆ. ತುಟಿ ಹೊಲಿದಾಯಿತು, ಒಂದೂವರೆ ವರ್ಷದೊಳಗೆ ಅಂಗುಳ ಮುಚ್ಚಿಯಾಯಿತು. ಮನೆಯವರ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಸರ್ಜನ್ನರ ಲೆಕ್ಕದಲ್ಲಿ ಇನ್ನೂ ಅರ್ಧ ಬಾಕಿ. ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಒಸಡಿನ ಸೀಳಿಗೆ ಎಲುಬು ತುಂಬಬೇಕು, ಹಲ್ಲಿಗೆ ತಂತಿ ಹಾಕಿಸಬೇಕು, ಬೆಳವಣಿಗೆ ನಿಂತ ಮೇಲೆ ದವಡೆ, ಕೊನೆಗೆ ಮೂಗು ಮತ್ತು ತುಟಿ. ಈ ಕೊನೆಯ ಮೆಟ್ಟಿಲು ಬರುವಾಗ ಹುಡುಗಿಗೆ ಹದಿನೆಂಟು. ಶಾಲೆಯ ತಪಾಸಣೆ ಅವಳನ್ನು ಕೈಬಿಟ್ಟಿರುತ್ತದೆ, ಮನೆಯಲ್ಲಿ ಗಂಡು ಹುಡುಕುವ ಮಾತು ಶುರುವಾಗಿರುತ್ತದೆ.

ನೇರವಾಗಿ ಅವಳಿಗೇ ಹೇಳುತ್ತೇನೆ. ನಿನಗೆ ಮಾಡಬಹುದಾದದ್ದು ಬಹಳ ಇದೆ. ಹಳೆಯ ಗುರುತನ್ನು ಬಿಚ್ಚಿ, ಸ್ನಾಯುವನ್ನು ಸರಿಯಾಗಿ ಕೂಡಿಸಿ, ಬೆಳ್ಳನೆಯ ಗೆರೆ ಹೊಂದುವಂತೆ ಮತ್ತೆ ಹೊಲಿಯಬಹುದು. ಸೊರಗಿದ ಕಡೆಗೆ ಕೊಬ್ಬು ತುಂಬಬಹುದು. ಅದು ಗುರುತಿನ ಗಡಸುತನವನ್ನೂ ತುಸು ಮೆತ್ತಗಾಗಿಸುತ್ತದೆ. ಸೀಟಿ ಊದುವಾಗಿನಂತೆ ನಡುವೆ ಕಂಡಿ ಉಳಿದಿದ್ದರೆ ಒಳಪೊರೆಯನ್ನು ಮುಂದೆ ಸರಿಸಿ ಮುಚ್ಚಬಹುದು. ಎರಡೂ ಬದಿ ಸೀಳಿದ್ದು ಮೇಲ್ತುಟಿಯಲ್ಲಿ ಮಾಂಸವೇ ಸಾಲದಿದ್ದರೆ, 1898ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಅಬೆ ಮಾಡಿ ತೋರಿಸಿದ ದಾರಿ ಇದೆ: ಕೆಳತುಟಿಯ ನಡುವಿನ ಒಂದು ತುಂಡನ್ನು ಅದರ ರಕ್ತನಾಳದ ಸಮೇತ ಮೇಲಕ್ಕೆ ತಿರುಗಿಸಿ ಕೂರಿಸುವುದು. ಎರಡರಿಂದ ಮೂರು ವಾರ ತುಟಿಗಳೆರಡೂ ನಡುವೆ ಅಂಟಿಕೊಂಡಿರುತ್ತವೆ. ಬದಿಯಿಂದ ಗಂಜಿ, ಹಾಲು. ಆಮೇಲೆ ಬಿಡಿಸುತ್ತಾರೆ. ತುಟಿಗೆ ತುಟಿಯೇ ಸಿಗುತ್ತದೆ, ಬಣ್ಣವೂ ಹೊಂದುತ್ತದೆ. ಇನ್ನು ಎಷ್ಟೋ ಜನರಲ್ಲಿ ತೊಂದರೆ ತುಟಿಯದೇ ಅಲ್ಲ, ಮೇಲ್ದವಡೆ ಹಿಂದೆ ಉಳಿದದ್ದು. ದವಡೆಯನ್ನು ಕೊಯ್ದು ಮುಂದೆ ತಂದು ಪ್ಲೇಟು ಕೂರಿಸಿದರೆ, ತುಟಿ ಮುಟ್ಟದೆಯೇ ಮುಂದೆ ಬಂದು ತುಂಬಿಕೊಳ್ಳುತ್ತದೆ.

ದವಡೆಯ ಈ ಮಾತು ಮೊದಲನೆಯವಳಿಗೂ ಸಲ್ಲುತ್ತದೆ. ತುಟಿ ಒರಗಿರುವುದು ಹಲ್ಲಿನ ಮೇಲೆ. ಹಲ್ಲು ಒಳಗೆ ಬಾಗಿದ್ದರೆ, ದವಡೆ ಹಿಂದಿದ್ದರೆ ತುಟಿ ತೆಳುವಾಗಿ ಕಾಣುವುದು ಸಹಜ. ಅಂಥವಳು ಕೊಬ್ಬು, ಸಿಲಿಕೋನ್ ಎನ್ನುವ ಮುಂಚೆ ದಂತಪಂಕ್ತಿ ತಜ್ಞರನ್ನು ಕಾಣಬೇಕು.

ಯಾರ ಕೈಗೆ ಮುಖ ಕೊಡುತ್ತೇವೆ ಎಂಬುದು ಎಲ್ಲಕ್ಕಿಂತ ಮುಖ್ಯ. ಎಂಬಿಬಿಎಸ್, ಎಂಎಸ್ ಮುಗಿಸಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರು, ಅಥವಾ ಬಾಯಿ–ಮುಖ–ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿ ತುಟಿಯ ಕೆಲಸದಲ್ಲೇ ಪಳಗಿದವರು ಬೇಕು. ಸೀಳುತುಟಿ ಹೊಲಿದು ಕೈ ಪಳಗಿದವರು ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಮಿಲಿಮೀಟರಿನ ಬೆಲೆ ಅವರಿಗೆ ಗೊತ್ತು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಕ್ಲಿನಿಕ್ ನೋಂದಣಿಯಾಗಿರಬೇಕು. ಪ್ರಮಾಣಪತ್ರ ಗೋಡೆಯ ಮೇಲಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬಳು ಜೀವ ಕಳೆದುಕೊಂಡಳು. ಹೆತ್ತವರಿಗೆ ತಿಳಿಸದೆ ಹೋಗಿದ್ದಳೆಂದು ಆಗ ವರದಿಯಾಗಿತ್ತು. ಬೈಸಿಕೊಂಡರೂ ಸರಿ, ಪಕ್ಕದಲ್ಲಿ ನಮ್ಮವರು ಇರಬೇಕು.

ಕೊನೆಗೆ ತಿಂಗಳುಗಳ ಲೆಕ್ಕ. ನಮ್ಮಲ್ಲಿ ರೊಬಸ್ಟಾ ಕುಯ್ಲು ಮುಗಿದು ಕೈಯಲ್ಲಿ ದುಡ್ಡಾಡುವುದು ಫೆಬ್ರುವರಿ, ಮಾರ್ಚಿನಲ್ಲಿ. ಮದುವೆಗಳು ಏಪ್ರಿಲ್, ಮೇನಲ್ಲಿ. ಆ ನಡುವೆ ಆಪರೇಷನ್ ಮಾಡಿಸಿಕೊಂಡರೆ ಗಾಯದ ಗುರುತು ಅತಿ ಕೆಂಪಗೆ, ಗಟ್ಟಿಯಾಗಿ ಇರುವ ಹೊತ್ತಿಗೇ ಧಾರೆ. ಗುರುತು ಮಾಗಲು ಒಂದು ವರ್ಷ ಹಿಡಿಯುತ್ತದೆ, ಮೊದಲ ಆರು ತಿಂಗಳು ಬಿಸಿಲು ತಾಗಬಾರದು. ಆ ದೃಷ್ಟಿಯಿಂದ ಮಳೆಗಾಲ ಒಳ್ಳೆಯದು, ಆದರೆ ಚರ್ಮದ ಹೊಲಿಗೆ ಬಿಚ್ಚಿಸಲು ಐದರಿಂದ ಏಳು ದಿನದೊಳಗೆ ಮತ್ತೆ ಹೋಗಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ದಾರಿ ಬಂದ್ ಆದದ್ದು ನೆನಪಿರಲಿ. ಜುಲೈ, ಆಗಸ್ಟಿನಲ್ಲಿ ಮಾಡಿಸಿಕೊಳ್ಳುವವರು ಹೊಲಿಗೆ ಬಿಚ್ಚುವವರೆಗೆ ಮಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ. ಆಗದಿದ್ದರೆ ಕರಗುವ ದಾರ ಹಾಕಲು ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹಿಂದೆ ಸೀಳುತುಟಿಗೆ ಹೊಲಿಸಿಕೊಂಡವರು ಹಳೆಯ ಡಿಸ್ಚಾರ್ಜ್ ಚೀಟಿ, ಕೂಸಿನ ಕಾಲದ ಒಂದು ಫೋಟೊ ಹುಡುಕಿ ಜೊತೆಗೆ ಒಯ್ಯಿರಿ. ಚೀಟಿ ಕಳೆದಿದ್ದರೂ ಹೋಗಿ. ಗುರುತು ನೋಡಿಯೇ ಯಾವ ಕ್ರಮದಲ್ಲಿ ಹೊಲಿದಿದ್ದಾರೆಂದು ಬಲ್ಲವರು ಹೇಳುತ್ತಾರೆ.